ಫ್ಲೋರಿಡಾ ಸ್ಪ್ರಿಂಗ್ಸ್‌ಗೆ ಈಜೋಕೆ ಹೊರಟಿದ್ದೀರಾ? ಗೇಟಿಂದ ವಾಪಸ್ ಬರದೇ ಇರೋಕೆ ಒಂದು ಪೂರ್ತಿ ಗೈಡ್

ಪ್ರತಿ ಬೇಸಿಗೆ ಅದೇ ಕಥೆ. ಒರ್ಲ್ಯಾಂಡೋ, ಟ್ಯಾಂಪಾ ಕಡೆ ಇರೋ ನಮ್ಮವರು ಶನಿವಾರ ಆರಾಮಾಗಿ ಎದ್ದು ಇಡ್ಲಿ ತಿಂದು ಕಾಫಿ ಕುಡಿದು ಹನ್ನೊಂದು ಗಂಟೆಗೆ ಸ್ಪ್ರಿಂಗ್ (ನೆಲದೊಳಗಿಂದ ತಿಳಿನೀರು ಉಕ್ಕೋ ಊಟೆ) ಇರೋ ಪಾರ್ಕಿನ ಗೇಟ್ ಹತ್ರ ಹೋಗ್ತಾರೆ, ಅಲ್ಲಿ ಪಾರ್ಕ್ ಫುಲ್ ಅಂತ ಬೋರ್ಡು ನೇತಾಕಿರ್ತಾರೆ. ಇನ್ನು ಕೆಲವರು ಹೆಸರಲ್ಲೇ ಸ್ಪ್ರಿಂಗ್ಸ್ ಇದೆಯಲ್ಲ ಅಂತ ಸ್ವಿಮ್ ಸೂಟ್, ಟ್ಯೂಬು ಎಲ್ಲಾ ಕಟ್ಕೊಂಡು ಸಿಲ್ವರ್ ಸ್ಪ್ರಿಂಗ್ಸ್‌ಗೆ ಹೋಗ್ತಾರೆ, ಅಲ್ಲಿ ಗಾಜಿನ ತಳದ ದೋಣಿ ಹತ್ತಬಹುದು, ಈಜೋಕೆ ನೀರಿಗೆ ಇಳಿಯೋ ಹಾಗೇ ಇಲ್ಲ. ಜನವರಿಲಿ ಊರಿಂದ ಬಂದ ಅಪ್ಪ ಅಮ್ಮನ್ನ ಬ್ಲೂ ಸ್ಪ್ರಿಂಗ್‌ಗೆ ಕರ್ಕೊಂಡು ಹೋದವರ ಮಕ್ಕಳು ಕಟಕಟೆ ಹಿಡ್ಕೊಂಡು ಅಳ್ತಾ ನಿಂತಿರ್ತಾರೆ, ಯಾಕಂದ್ರೆ ಆಗ ನೀರು ಪೂರ್ತಿ ಮ್ಯಾನಟೀಗಳಿಗೆ (ನೀರಲ್ಲೇ ಬದುಕೋ ದೊಡ್ಡ ಸಸ್ತನಿ ಪ್ರಾಣಿ) ಮೀಸಲು.

ಇದರಲ್ಲೆಲ್ಲ ತಪ್ಪಿರೋದು ಒಂದೇ, ಯೋಚನೆ ಮಾಡೋ ಕ್ರಮ. ಯಾರೋ ಇನ್‌ಸ್ಟಾದಲ್ಲಿ ಹಾಕಿದ ನೀಲಿ ನೀರಿನ ಫೋಟೋ ನೋಡಿ ಮೊದಲು ಜಾಗ ಫಿಕ್ಸ್ ಮಾಡ್ತೀವಿ, ಮಿಕ್ಕಿದ್ದೆಲ್ಲ ಆಮೇಲೆ. ಇದನ್ನ ಉಲ್ಟಾ ಮಾಡಿ. ಮೊದಲು ಜನ, ಆಮೇಲೆ ತಿಂಗಳು, ಆಮೇಲೆ ಜಾಗ, ಕೊನೆಗೆ ಟೈಮು. ಕೆಳಗಿರೋದೂ ಅದೇ ಕ್ರಮದಲ್ಲಿದೆ, ದಯವಿಟ್ಟು ಮಧ್ಯದಿಂದ ಓದಬೇಡಿ.

1. ಯಾರ್ಯಾರು ಬರ್ತಾರೆ ಅಂತ ಬರ್ಕೊಳ್ಳಿ

ಗುಂಪಲ್ಲಿ ಯಾರಿಗೆ ಈಜು ಬರಲ್ವೋ ಅವರ ಹೆಸರು ಮೊದಲು ಬರೀರಿ. ನಿಮ್ಮ ಟ್ರಿಪ್ಪಿನ ಜಾಗ ನಿರ್ಧಾರ ಮಾಡೋರು ಅವರು, ಚೆನ್ನಾಗಿ ಈಜೋರಲ್ಲ. ನಮ್ಮಲ್ಲಿ ಬಹಳ ಜನಕ್ಕೆ "ಸ್ವಲ್ಪ ಬರುತ್ತೆ" ಅನ್ನೋ ಅಭ್ಯಾಸ, ಆ ಸ್ವಲ್ಪ ಅಂದ್ರೆ ಅಪಾರ್ಟ್‌ಮೆಂಟ್ ಪೂಲಲ್ಲಿ ಗೋಡೆಯಿಂದ ಗೋಡೆಗೆ ಒಂದ್ಸಲ ಹೋಗೋದು. ಸ್ಪ್ರಿಂಗಲ್ಲಿ ಗೋಡೆ ಇರಲ್ಲ. ನನ್ನ ಅಳತೆ ಇಷ್ಟು: ಕಾಲು ತಾಗದ ನೀರಲ್ಲಿ ಏನೂ ಹಿಡ್ಕೊಳ್ಳದೇ ಎರಡು ನಿಮಿಷ ತೇಲ್ತಾ ಇರೋಕೆ ಆದ್ರೆ ಈಜು ಬರುತ್ತೆ ಅಂತ ಲೆಕ್ಕ, ಇಲ್ಲಾಂದ್ರೆ ಲೈಫ್ ಜಾಕೆಟ್ ಲಿಸ್ಟಿಗೆ.

ಊರಿಂದ ಬಂದಿರೋ ಅತ್ತೆ ಮಾವ, ಅಪ್ಪ ಅಮ್ಮ ಇದ್ರೆ ಇನ್ನೊಂದು ವಿಷ್ಯ ನೋಡಿ, ಪಾರ್ಕಿಂಗಿಂದ ನೀರಿಗೆ ಎಷ್ಟು ದೂರ, ಮೆಟ್ಟಿಲು ಎಷ್ಟು. ವೆಕೀವಾ ಸ್ಪ್ರಿಂಗ್ಸಲ್ಲಿ ಹುಲ್ಲಿನ ಇಳಿಜಾರು ಇಳಿದು ಹೋಗ್ಬೇಕು, ಮಂಡಿ ನೋವಿರೋರಿಗೆ ವಾಪಸ್ ಹತ್ತೋದು ಕಷ್ಟ. ಡಿ ಲಿಯೋನ್ ಸ್ಪ್ರಿಂಗ್ಸಲ್ಲಿ ಪೂಲಿನ ಸುತ್ತ ಕಾಂಕ್ರೀಟ್ ಕಟ್ಟೆ ಇದೆ, ಕೂತ್ಕೊಂಡು ಕಾಲು ಇಳಿಬಿಟ್ಟು ನೋಡ್ತಾ ಇರಬಹುದು, ವಯಸ್ಸಾದವರಿಗೆ ಅದೇ ವಾಸಿ.

2. ತಿಂಗಳು ನೋಡಿ

ಮಧ್ಯ ಫ್ಲೋರಿಡಾದ ಸ್ಪ್ರಿಂಗ್ ನೀರು ವರ್ಷಪೂರ್ತಿ ಹೆಚ್ಚು ಕಮ್ಮಿ 72 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ 22 ಡಿಗ್ರಿ. ಉತ್ತರದ ವಕುಲ್ಲಾ ಸ್ಪ್ರಿಂಗ್ಸ್ ಕಡೆ ಇನ್ನೂ ಎರಡು ಮೂರು ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ. ಸುಣ್ಣದ ಕಲ್ಲಿನ ಪದರದೊಳಗಿಂದ ಉಕ್ಕಿ ಬರೋ ನೀರು ಆದ್ದರಿಂದ ಮೇಲೆ ಬಿಸಿಲಿದ್ರೂ ಚಳಿ ಇದ್ರೂ ಅದಕ್ಕೆ ಸಂಬಂಧ ಇಲ್ಲ. 22 ಡಿಗ್ರಿ ಅಂದ್ರೆ ಹಿತವಾದ ಹವೆ ಅಲ್ವಾ ಅನ್ಸುತ್ತೆ, ಆದ್ರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿ ಎಳ್ಕೊಳ್ಳುತ್ತೆ, ಹಾಗಾಗಿ ಇಳಿದ ಮೊದಲ ಕ್ಷಣ ಡಿಸೆಂಬರ್ ಬೆಳಿಗ್ಗೆ ಸಂಪಿನ ನೀರನ್ನ ಕಾಯಿಸದೇ ತಲೆ ಮೇಲೆ ಸುರ್ಕೊಂಡ ಹಾಗಿರುತ್ತೆ.

ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆವರೆಗೆ ಮ್ಯಾನಟೀ ಸೀಸನ್. ಹೊರಗಡೆ ನದಿ ನೀರು 68 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದ್ರೆ ಅವಕ್ಕೆ ತಡ್ಕೊಳ್ಳೋಕಾಗಲ್ಲ, ಬದುಕೋಕೆ ಸ್ಪ್ರಿಂಗ್ ಒಳಗೆ ಬರ್ತವೆ. ಅದಕ್ಕೇ ಆರೆಂಜ್ ಸಿಟಿಯ ಬ್ಲೂ ಸ್ಪ್ರಿಂಗಲ್ಲಿ ಆ ತಿಂಗಳುಗಳಲ್ಲಿ ಈಜು, ಟ್ಯೂಬು, ಕಯಾಕ್ ಎಲ್ಲಾ ಬಂದ್, ಮರದ ಕಟ್ಟೆ ಮೇಲೆ ನಡೀತಾ ನೋಡೋದಷ್ಟೇ. ನೋಡೋಕೆ ಅದ್ಭುತವಾಗಿರುತ್ತೆ, ಬೇಡ ಅಂತಿಲ್ಲ, ಆದ್ರೆ ಮಕ್ಕಳಿಗೆ "ಈಜೋಕೆ ಹೋಗ್ತೀವಿ" ಅಂತ ಆಸೆ ಹುಟ್ಟಿಸಿ ಕರ್ಕೊಂಡು ಹೋಗ್ಬೇಡಿ. ಮ್ಯಾನಟೀ ಇರೋ ನೀರಿಗೇ ಇಳೀಬೇಕು ಅಂದ್ರೆ ಕ್ರಿಸ್ಟಲ್ ರಿವರ್ ಊರಿಗೆ ಹೋಗಿ ಗೈಡ್ ಜೊತೆ ಇಳಿಯೋದು ಒಳ್ಳೇದು, ಅಟ್ಟಿಸಿಕೊಂಡು ಹೋಗೋದು, ಮೇಲೆ ಹತ್ತೋದು, ಆಹಾರ ಕೊಡೋದು ಎಲ್ಲಾ ಕಾನೂನು ಪ್ರಕಾರ ಅಪರಾಧ.

ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇವರೆಗೆ ಜಾತ್ರೆ. ಮಾರ್ಚಲ್ಲಿ ಸ್ಪ್ರಿಂಗ್ ಬ್ರೇಕ್ (ಶಾಲೆ ಕಾಲೇಜಿನ ವಸಂತದ ರಜೆ) ಗಲಾಟೆ. ನನ್ನ ಕೇಳಿದ್ರೆ ಏಪ್ರಿಲ್ ಮತ್ತೆ ಮೇ ಮೊದಲ ಮೂರು ವಾರ, ಇಲ್ಲಾ ಲೇಬರ್ ಡೇ ಆದ್ಮೇಲೆ ಅಕ್ಟೋಬರ್ ಮಧ್ಯದವರೆಗೆ, ಅದೂ ವಾರದ ದಿನ. ಒಂದು ದಿನ ರಜೆ ಹಾಕಿ ಮಂಗಳವಾರ ಹೋಗಿ, ಅದೇ ಸ್ಪ್ರಿಂಗಾ ಇದು ಅನ್ನೋಷ್ಟು ವ್ಯತ್ಯಾಸ ಇರುತ್ತೆ. ಬೇಸಿಗೆಲೇ ಹೋಗ್ಬೇಕಾದ್ರೆ ಇನ್ನೊಂದು ನೆನಪಿಡಿ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಎರಡರ ಮೇಲೆ ಗುಡುಗು ಮಳೆ ಬರೋದು ಮಾಮೂಲಿ, ಈಜೋದೆಲ್ಲ ಬೆಳಿಗ್ಗೆನೇ ಮುಗಿಸ್ಬೇಕು.

3. ಈಗ ಜಾಗ ಆರಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ ಫ್ಲೋರಿಡಾದಲ್ಲಿ 1000ಕ್ಕೂ ಹೆಚ್ಚು ಸ್ಪ್ರಿಂಗ್ ಇವೆ, ಎಲ್ಲದರಲ್ಲೂ ಈಜೋ ಹಾಗಿಲ್ಲ, ಈಜಬಹುದಾದ್ದೆಲ್ಲ ಎಲ್ಲರಿಗೂ ಅಲ್ಲ.

ಚಿಕ್ಕ ಮಕ್ಕಳು ಮತ್ತೆ ಈಜು ಬರದವರು ಇದ್ರೆ ಒಕಾಲಾ ನ್ಯಾಷನಲ್ ಫಾರೆಸ್ಟ್ ಒಳಗಿರೋ ಅಲೆಕ್ಸಾಂಡರ್ ಸ್ಪ್ರಿಂಗ್ಸ್ ನನ್ನ ಮೊದಲ ಆಯ್ಕೆ. ದಡದಿಂದ ಮರಳು ನಿಧಾನವಾಗಿ ಇಳೀತಾ ಹೋಗುತ್ತೆ, ಪಾದ, ಮಂಡಿ, ಸೊಂಟ ಅಂತ ಎಲ್ಲಿ ಬೇಕೋ ಅಲ್ಲಿ ನಿಲ್ಲಬಹುದು, ಮಧ್ಯದಲ್ಲಿ ನೀರು ಉಕ್ಕೋ ಬಾಯಿ ಹತ್ರ ಮಾತ್ರ ಆಳ, ಸುಮಾರು 25 ಅಡಿ. ಹತ್ತಿರದಲ್ಲೇ ಜುನಿಪರ್ ಸ್ಪ್ರಿಂಗ್ಸ್, ಅದು 1930ರ ದಶಕದಲ್ಲಿ ಕಲ್ಲು ಕಟ್ಟಿ ಮಾಡಿದ ಪೂಲು, ಪಕ್ಕದಲ್ಲಿ ನೀರಿನ ಚಕ್ರದ ಗಿರಣಿ. ಅಲ್ಲಿಂದ ಎರಡು ಹೆಜ್ಜೆ ನಡೆದ್ರೆ ಫರ್ನ್ ಹ್ಯಾಮಕ್ ಅಂತ ಇನ್ನೊಂದಿದೆ, ಈಜೋ ಹಾಗಿಲ್ಲ, ಆದ್ರೆ ಸೇತುವೆ ಮೇಲೆ ನಿಂತು ಬಗ್ಗಿ ನೋಡಿ, ತಳದ ಬಿಳಿ ಮರಳು ಅಲ್ಲಲ್ಲಿ ಕುದಿಯೋ ತರ ಮೇಲೆದ್ದು ಮತ್ತೆ ಕೂರ್ತಾ ಇರುತ್ತೆ, ಮಕ್ಕಳು ಅಲ್ಲಿಂದ ಕದಲಲ್ಲ.

ಒರ್ಲ್ಯಾಂಡೋಗೆ ಹತ್ತಿರ ಬೇಕು ಅಂದ್ರೆ ಅಪಾಪ್ಕಾ ಕಡೆ ವೆಕೀವಾ ಸ್ಪ್ರಿಂಗ್ಸ್, ಅಲ್ಲೇ ಪಕ್ಕ ಕೆಲ್ಲಿ ಪಾರ್ಕಿನ ರಾಕ್ ಸ್ಪ್ರಿಂಗ್ಸ್. ರಾಕ್ ಸ್ಪ್ರಿಂಗಲ್ಲಿ ಬಂಡೆ ಸಂದಿಯಿಂದ ನೀರು ನುಗ್ಗಿ ಚಿಕ್ಕ ತೊರೆಯಾಗಿ ಹರಿಯುತ್ತೆ, ಟ್ಯೂಬ್ ಮೇಲೆ ಕೂತ್ರೆ ತಾನಾಗೇ ತೇಲಿಸ್ಕೊಂಡು ಹೋಗುತ್ತೆ, ಬಹುಪಾಲು ಕಡೆ ಕಾಲು ತಾಗುತ್ತೆ. ಹತ್ತಿರ ಇರೋದ್ರಿಂದಲೇ ಇವೆರಡೂ ಎಲ್ಲಕ್ಕಿಂತ ಬೇಗ ತುಂಬೋದು, ಗೇಟ್ ವಿಷ್ಯ ಆರನೇ ಹಂತದಲ್ಲಿ ಹೇಳ್ತೀನಿ.

ಚೆನ್ನಾಗಿ ಈಜೋರಿಗೆ ಡನೆಲ್ಲನ್ ಊರಿನ ರೇನ್‌ಬೋ ಸ್ಪ್ರಿಂಗ್ಸ್. ಇಲ್ಲಿ ಎಷ್ಟೋ ಜನ ಏಮಾರ್ತಾರೆ, ಈಜೋ ಜಾಗದ ಆಳ 5 ಅಡಿಯಿಂದ 18 ಅಡಿ, ಅಂದ್ರೆ ಮಕ್ಕಳು ನಿಂತು ಆಡೋ ಜಾಗ ಅಂತ ಇಲ್ಲವೇ ಇಲ್ಲ. ಫೋಟೋದಲ್ಲಿ ಇದು ಗೊತ್ತಾಗಲ್ಲ. ಟ್ಯೂಬಿಂಗ್ ಗೇಟ್ ಬೇರೆ, ಈಜೋ ಗೇಟ್ ಬೇರೆ, ಮ್ಯಾಪಲ್ಲಿ ಹಾಕೋವಾಗ ಯಾವುದು ಅಂತ ನೋಡಿ ಹಾಕಿ.

ಗೇನ್ಸ್‌ವಿಲ್ ಕಡೆ ಓದ್ತಿರೋ ಹುಡುಗ್ರು ಸಾಮಾನ್ಯವಾಗಿ ಹೋಗೋದು ಹೈ ಸ್ಪ್ರಿಂಗ್ಸ್ ಸುತ್ತಮುತ್ತ. ಅಲ್ಲಿ ಗಿಲ್‌ಕ್ರಿಸ್ಟ್ ಬ್ಲೂ ಇದೆ, 2017ರಲ್ಲಿ ಸ್ಟೇಟ್ ಪಾರ್ಕ್ ಆಯ್ತು, ಆಳವೂ ಇದೆ ಆಳ ಇಲ್ಲದ ಜಾಗವೂ ಇದೆ. ಗಿನ್ನಿ ಸ್ಪ್ರಿಂಗ್ಸ್ ಖಾಸಗಿ ಜಾಗ, ಟಿಕೆಟ್ ಜಾಸ್ತಿ, ಬೇಸಿಗೆ ವೀಕೆಂಡಲ್ಲಿ ಪಾರ್ಟಿ ಮಾಡೋ ಗುಂಪುಗಳು ಜಾಸ್ತಿ, ಮಕ್ಕಳು ಮರಿ ಕಟ್ಕೊಂಡು ಶನಿವಾರ ನಾನಂತೂ ಹೋಗಲ್ಲ, ವಾರದ ದಿನ ಬೆಳಿಗ್ಗೆ ಹೋದ್ರೆ ನೀರು ಮಾತ್ರ ಗಾಜೇ. ನದಿಲಿ ತೇಲ್ಕೊಂಡು ಹೋಗೋ ಆಸೆ ಇದ್ರೆ ಫೋರ್ಟ್ ವೈಟ್ ಹತ್ತಿರದ ಇಚೆಟಕ್ನಿ, ಅದಕ್ಕೆ ಕೆಳಗೆ ಬೇರೆ ಹಂತ ಬರೆದಿದ್ದೀನಿ.

ಈಜೋಕೆ ಆಗದ ಜಾಗ ಅಂತ ನೆನಪಿಡಬೇಕಾದ್ದು: ಸಿಲ್ವರ್ ಸ್ಪ್ರಿಂಗ್ಸ್, ಹೊಮೊಸಾಸಾ ಸ್ಪ್ರಿಂಗ್ಸ್ ವೈಲ್ಡ್‌ಲೈಫ್ ಪಾರ್ಕ್, ಚಳಿಗಾಲದ ಬ್ಲೂ ಸ್ಪ್ರಿಂಗ್.

4. ಹಿಂದಿನ ದಿನ ಸಾಯಂಕಾಲ ಮಾಡೋ ಚೆಕ್

ಆ ಪಾರ್ಕಿನ ಅಧಿಕೃತ ವೆಬ್‌ಸೈಟ್ ಓಪನ್ ಮಾಡಿ, ಮೇಲ್ಗಡೆ ಬರೋ ಸೂಚನೆ ಓದಿ. ಗೂಗಲ್ ಮ್ಯಾಪಲ್ಲಿ ಓಪನ್ ಅಂತ ತೋರಿಸ್ತು ಅನ್ನೋದನ್ನ ನಂಬಬೇಡಿ, ಅದಕ್ಕೆ ಗೇಟ್ ಟೈಮ್ ಗೊತ್ತು, ನೀರಿನ ಸ್ಥಿತಿ ಗೊತ್ತಿಲ್ಲ. ಕೆಲವು ಕಡೆ ಈಗ ಮುಂಚಿತವಾಗಿ ಆನ್‌ಲೈನ್ ರಿಸರ್ವೇಶನ್ ಮಾಡ್ಬೇಕು, ಈ ನಿಯಮ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರಲ್ಲ, ಫ್ರೆಂಡ್ ಹೋದ ವರ್ಷ ಹೋಗಿ ಬಂದಿದ್ದ ಅನ್ನೋದು ಲೆಕ್ಕಕ್ಕಿಲ್ಲ.

ಮುಖ್ಯವಾದ್ದು ನದಿ ಮಟ್ಟ. ಸುವಾನಿ, ಸಾಂಟಾ ಫೆ ನದಿ ದಡದಲ್ಲಿರೋ ಸ್ಪ್ರಿಂಗ್‌ಗಳಲ್ಲಿ ಜೋರು ಮಳೆ ಅಥವಾ ಚಂಡಮಾರುತ ಆದ್ಮೇಲೆ ನದಿ ಉಕ್ಕಿ, ಎಲೆ ತೊಗಟೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರು ವಾಪಸ್ ಸ್ಪ್ರಿಂಗ್ ಒಳಗೇ ನುಗ್ಗುತ್ತೆ. ಆಗ ಆ ನೀಲಿ ನೀರು ಹೋಗಿ ಕಂದು ಬಣ್ಣ, ತಳ ಕಾಣಲ್ಲ, ಈಜು ಬಂದ್ ಮಾಡಿರ್ತಾರೆ, ವಾರಗಟ್ಟಲೆ ಹಾಗೇ ಇರಬಹುದು. ಮೇಲೆ ಬಿಸಿಲು ಚೆನ್ನಾಗಿದೆ ಅಂದ್ರೆ ನೀರು ಸರಿ ಇದೆ ಅಂತಲ್ಲ, ಮಳೆ ಜಾರ್ಜಿಯಾದಲ್ಲಿ ಬಿದ್ದಿದ್ರೂ ಸುವಾನಿ ಏರುತ್ತೆ. ಇಂಥ ಟೈಮಲ್ಲಿ ನದಿಯಿಂದ ದೂರ ಇರೋ ಅಲೆಕ್ಸಾಂಡರ್, ಜುನಿಪರ್ ಕಡೆ ಪ್ಲಾನ್ ತಿರುಗಿಸಿ.

ಒಕಾಲಾ ಕಾಡೊಳಗೆ ಫೋನ್ ಸಿಗ್ನಲ್ ಸರಿಯಾಗಿ ಸಿಗಲ್ಲ, ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡಿ, ಎರಡು ಕಾರಲ್ಲಿ ಹೋಗ್ತಿದ್ರೆ ಎಲ್ಲಿ ಎಷ್ಟೊತ್ತಿಗೆ ಸೇರೋದು ಅಂತ ಮನೇಲೇ ಮಾತಾಡ್ಕೊಳ್ಳಿ. ಬದಲಿ ಜಾಗ ಒಂದು ಇಟ್ಕೊಳ್ಳಿ, ಅದು ಮೊದಲನೇ ಜಾಗದಿಂದ ನಲವತ್ತು ನಿಮಿಷದೊಳಗೆ ಇರ್ಬೇಕು.

5. ಬ್ಯಾಗಿಗೆ ಏನು ಹಾಕ್ಬೇಕು

ಲೈಫ್ ಜಾಕೆಟ್ಟು. ಕೋಸ್ಟ್ ಗಾರ್ಡ್ ಅಪ್ರೂವ್ಡ್ ಅಂತ ಒಳಗಡೆ ಲೇಬಲ್ ಇರ್ಬೇಕು, ತೂಕದ ಅಳತೆ ನೋಡಿ ತಗೊಳ್ಳಿ. ಗಾಳಿ ತುಂಬೋ ತೋಳ್ಪಟ್ಟಿ, ಬಾತುಕೋಳಿ ಟ್ಯೂಬು, ಫೋಮ್ ಕೋಲು ಇವೆಲ್ಲ ಆಟದ ಸಾಮಾನು, ಲೈಫ್ ಜಾಕೆಟ್ ಬದಲಿಗೆ ಅಲ್ಲ. ಹಾಕಿಸಿದ್ಮೇಲೆ ಮಗುವಿನ ಭುಜದ ಹತ್ರ ಜಾಕೆಟ್ ಹಿಡಿದು ಮೇಲೆತ್ತಿ ನೋಡಿ, ಗಲ್ಲ ದಾಟಿ ಕಿವಿವರೆಗೆ ಬಂದ್ರೆ ಸಡಿಲ ಇದೆ ಅಂತ ಅರ್ಥ.

ಮಾಸ್ಕು ಸ್ನಾರ್ಕೆಲ್ ಒಂದು ಸೆಟ್ ಆದ್ರೂ ಇರ್ಲಿ, ಇಲ್ಲಾಂದ್ರೆ ಅರ್ಧ ಮಜಾ ಹೋಯ್ತು. ಹಿಂದೆ ಪಟ್ಟಿ ಇರೋ ಚಪ್ಪಲಿ ಅಥವಾ ವಾಟರ್ ಶೂ ಬೇಕೇ ಬೇಕು, ಸುಣ್ಣದ ಕಲ್ಲಿನ ಅಂಚು ಬ್ಲೇಡ್ ಇದ್ದಂಗೆ ಕುಯ್ಯುತ್ತೆ, ಹವಾಯಿ ಚಪ್ಪಲಿ ಮೊದಲನೇ ನಿಮಿಷಕ್ಕೇ ತೇಲಿ ಹೋಗುತ್ತೆ. ಬಟ್ಟೆ ವಿಷ್ಯದಲ್ಲಿ ಸಂಕೋಚ ಇರೋರು ಉದ್ದ ತೋಳಿನ ರ‍್ಯಾಷ್ ಗಾರ್ಡ್ (ಈಜೋಕೆ ಹಾಕೋ ಮೈಗಂಟೋ ಅಂಗಿ) ಮತ್ತೆ ಸ್ವಿಮ್ ಲೆಗ್ಗಿಂಗ್ಸ್ ತಗೊಳ್ಳಿ, ಯಾರೂ ಏನೂ ಅನ್ಕೊಳ್ಳಲ್ಲ, ಬಿಸಿಲಿಂದಲೂ ಕಾಪಾಡುತ್ತೆ, ಸನ್‌ಸ್ಕ್ರೀನ್ ಬಳ್ಕೊಂಡು ನೀರು ಕೆಡಿಸೋದೂ ತಪ್ಪುತ್ತೆ. ಕಾಟನ್ ಕುರ್ತಾ, ಜೀನ್ಸು, ದುಪಟ್ಟಾ ಮಾತ್ರ ಬೇಡ, ನೆನೆದ್ರೆ ಕೆಳಗೆ ಎಳೆಯುತ್ತೆ, ದುಪಟ್ಟಾ ನೀರೊಳಗಿನ ಕೊಂಬೆಗೆ ಸಿಕ್ಕಾಕ್ಕೊಳ್ಳುತ್ತೆ.

ಮಾಂಗಲ್ಯ ಸರ, ಉಂಗುರ, ಓಲೆ ಮನೇಲೇ ಬಿಚ್ಚಿಟ್ಟು ಬನ್ನಿ. ತಣ್ಣೀರಲ್ಲಿ ಬೆರಳು ಸಣ್ಣಗಾಗುತ್ತೆ, ಉಂಗುರ ಜಾರಿದ್ದು ಗೊತ್ತೇ ಆಗಲ್ಲ. ನೀರು ಎಷ್ಟು ತಿಳಿ ಇದ್ರೂ ತಳದ ಪಾಚಿ ಹುಲ್ಲಲ್ಲಿ ಬಿದ್ದ ಚಿನ್ನ ಹುಡುಕೋದು ಆಗೋ ಮಾತಲ್ಲ. ಕನ್ನಡಕಕ್ಕೆ ಹಿಂದೆ ಕಟ್ಟೋ ದಾರ, ಕಾರ್ ಕೀಗೆ ನೀರು ಹೋಗದ ಪೌಚ್.

ಊಟಕ್ಕೆ ಚಿತ್ರಾನ್ನ, ಮೊಸರನ್ನ ಸ್ಟೀಲ್ ಡಬ್ಬಿಲಿ ಹಾಕ್ಕೊಳ್ಳಿ. ನಮ್ಮ ಸ್ಟೀಲ್ ಡಬ್ಬಿ ಇಲ್ಲಿ ಸಖತ್ ಉಪಯೋಗಕ್ಕೆ ಬರುತ್ತೆ, ಪೇಪರ್ ಪ್ಲೇಟು, ಜಿಪ್‌ಲಾಕ್ ಕವರು ಇವುಗಳಿಗೆ ಕಿರಿಕ್ ಇರೋ ಕಡೆಯೂ ಮುಚ್ಚಳ ಗಟ್ಟಿ ಇರೋ ಡಬ್ಬಿಗೆ ತೊಂದ್ರೆ ಇಲ್ಲ, ರಕೂನ್ ಅನ್ನೋ ಕಾಡುಪ್ರಾಣಿ ಬಂದು ಬ್ಯಾಗಿಗೆ ಕೈ ಹಾಕಿದ್ರೂ ಬಿಚ್ಚೋಕಾಗಲ್ಲ. ಉಪ್ಪಿನಕಾಯಿ ಗಾಜಿನ ಬಾಟಲಿ ಮಾತ್ರ ತರಬೇಡಿ, ನೀರಿನ ಹತ್ರ ಗಾಜು ನಿಷಿದ್ಧ, ಬಿಯರ್ ಬಾಟಲಿಗೆ ಹೇಳೋದನ್ನೇ ಉಪ್ಪಿನಕಾಯಿಗೂ ಹೇಳ್ತಾರೆ.

6. ಗೇಟ್ ದಾಟೋದು

ಸ್ಟೇಟ್ ಪಾರ್ಕ್‌ಗಳು ಬೆಳಿಗ್ಗೆ 8ಕ್ಕೆ ತೆರೆದು ಸೂರ್ಯ ಮುಳುಗೋವರೆಗೆ ಇರ್ತವೆ, ವರ್ಷದ 365 ದಿನ. ಬಹುಪಾಲು ಕಡೆ ಒಂದು ಕಾರಿಗೆ 6 ಡಾಲರ್, 8 ಜನರವರೆಗೆ. ರೇನ್‌ಬೋದಲ್ಲಿ ಮಾತ್ರ ತಲೆಗೆ 2 ಡಾಲರ್ ಲೆಕ್ಕ. ಪದೇ ಪದೇ ಹೋಗೋರಿಗೆ 120 ಡಾಲರಿನ ಫ್ಯಾಮಿಲಿ ಪಾಸ್ ಲಾಭ. ಹೊರಡೋ ಮುಂಚೆ ಒಂದ್ಸಲ ದರ ನೋಡ್ಕೊಂಡುಬಿಡಿ, ಸ್ವಲ್ಪ ಚಿಲ್ಲರೆ ಕ್ಯಾಶ್ ಕೂಡ ಇಟ್ಕೊಳ್ಳಿ.

ಇವರು ಲೆಕ್ಕ ಹಾಕೋದು ಪಾರ್ಕಿಂಗ್ ಜಾಗದ ಮೇಲೆ. ಅಷ್ಟು ಕಾರು ತುಂಬಿದ ಕೂಡ್ಲೇ ಗೇಟ್ ಬಂದ್, ಒಳಗಿಂದ ಒಂದಷ್ಟು ಕಾರು ಹೊರಗೆ ಬರೋವರೆಗೆ ಬಿಡಲ್ಲ. ಬೇಸಿಗೆ ವೀಕೆಂಡಲ್ಲಿ ಜನ ಜಾಸ್ತಿ ಬರೋ ಪಾರ್ಕ್‌ಗಳಲ್ಲಿ ಗೇಟ್ ತೆರೆಯೋ ಮುಂಚೆನೇ ರಸ್ತೆ ಮೇಲೆ ಸಾಲು ಇರುತ್ತೆ. ಆದ್ದರಿಂದ ಮೂರು ಕಾರಿದ್ರೆ ಒಟ್ಟಿಗೇ ಹೊರಡಿ, "ನೀವು ಹೋಗಿ ಜಾಗ ಹಿಡೀರಿ, ನಾವು ಹತ್ತಕ್ಕೆ ಬರ್ತೀವಿ" ಅನ್ನೋ ಲೆಕ್ಕಾಚಾರ ಇಲ್ಲಿ ನಡೆಯಲ್ಲ, ನೀವು ಒಳಗೆ, ಅವರು ಹೊರಗೆ, ಊಟದ ಡಬ್ಬಿ ಅವರ ಕಾರಲ್ಲಿ. ಒಂದ್ಸಲ ಒಳಗೆ ಹೋದ್ಮೇಲೆ ಐಸ್ ತರೋಕೆ ಅಂತ ಹೊರಗೆ ಬರಬೇಡಿ, ವಾಪಸ್ ಬಿಡ್ತಾರೆ ಅನ್ನೋ ಗ್ಯಾರಂಟಿ ಇಲ್ಲ.

ತಡ ಆಗಿ ಹೋಯ್ತು, ಗೇಟ್ ಬಂದ್. ಆಗ ರಸ್ತೆ ಬದಿ ಕಾರ್ ನಿಲ್ಲಿಸಿ ನಡ್ಕೊಂಡು ಹೋಗೋ ಐಡಿಯಾ ಯಾರಾದ್ರೂ ಕೊಡ್ತಾರೆ, ಕೇಳಬೇಡಿ, ಟೋ ಮಾಡ್ತಾರೆ ಇಲ್ಲಾ ಫೈನ್ ಬೀಳುತ್ತೆ. ಬದಲಿ ಜಾಗಕ್ಕೆ ಹೊರಡಿ.

7. ನೀರಿಗೆ ಇಳಿಯೋ ಕ್ರಮ

ಬಹುಪಾಲು ಸ್ಪ್ರಿಂಗ್‌ಗಳಲ್ಲಿ ಲೈಫ್‌ಗಾರ್ಡ್ ಇರಲ್ಲ. ಇದನ್ನ ಕಾರಲ್ಲೇ ಎಲ್ಲರಿಗೂ ಕೇಳೋ ಹಾಗೆ ಹೇಳಿ, ಯಾಕಂದ್ರೆ ಜನ ಇಷ್ಟು ಇರುವಾಗ ಯಾರಾದ್ರೂ ನೋಡ್ತಿರ್ತಾರೆ ಅಂತಲೇ ಎಲ್ಲರೂ ಅನ್ಕೊಂಡಿರ್ತಾರೆ.

ಮೊದಲು ಬಟ್ಟೆ ಬದಲಾಯಿಸದೇ ಒಂದು ಸುತ್ತು ಹಾಕಿ. ಇಳಿಯೋ ಮೆಟ್ಟಿಲು ಎಲ್ಲಿ, ಹಗ್ಗ ಅಥವಾ ತೇಲೋ ಬಿಲ್ಲೆಗಳ ಸಾಲು ಎಲ್ಲಿ, ನೀರು ಯಾವ ಕಡೆ ಹರೀತಿದೆ, ಹರಿದು ಹೋದ್ರೆ ಮುಂದೆ ಎಲ್ಲಿ ಹತ್ತಬಹುದು. ಎಲೆ ಒಂದು ನೀರಿಗೆ ಹಾಕಿ ನೋಡಿದ್ರೆ ಸೆಳೆತ ಗೊತ್ತಾಗುತ್ತೆ.

ಆಮೇಲೆ ಆಳದ ವಿಷ್ಯ. ತಿಳಿ ನೀರು ಕಣ್ಣಿಗೆ ಮೋಸ ಮಾಡುತ್ತೆ. ಬೆಳಕು ಬಾಗೋದ್ರಿಂದ ಇರೋ ಆಳದ ಮುಕ್ಕಾಲು ಭಾಗ ಮಾತ್ರ ಇದ್ದ ಹಾಗೆ ಕಾಣುತ್ತೆ, ಅಂದ್ರೆ ಮೇಲಿಂದ ನೋಡಿದವರಿಗೆ ನಾಲ್ಕೂವರೆ ಅಡಿ ಅನ್ಸಿದ್ದು ನಿಜಕ್ಕೂ 6 ಅಡಿ. ಐದೂವರೆ ಅಡಿ ಇರೋ ಮನುಷ್ಯ ಭುಜಮಟ್ಟ ಅನ್ಕೊಂಡು ಇಳಿದ್ರೆ ನೀರು ತಲೆ ಮೇಲೆ ಹೋಗುತ್ತೆ, ಅದರ ಜೊತೆ ತಣ್ಣೀರಿನ ಏಟಿಗೆ ಉಸಿರು ಒಳಗೆ ಎಳ್ಕೊಳ್ತಾನೆ. ನಮ್ಮ ಕಡೆಯ ಎಷ್ಟೋ ಸ್ಟೂಡೆಂಟ್ಸ್ ಸಿಕ್ಕಿಹಾಕ್ಕೊಳ್ಳೋದು ಇದೇ ಒಂದು ಹೆಜ್ಜೆಲಿ. ಅದಕ್ಕೇ ಗುಂಪಲ್ಲಿ ಚೆನ್ನಾಗಿ ಈಜೋರು ಒಬ್ಬರು ಮೊದಲು ಇಳಿದು, ನಿಂತು, ಕೈ ಎತ್ತಿ ಆಳ ತೋರಿಸ್ಬೇಕು, ಆಮೇಲೆ ಉಳಿದವರು. ತಲೆ ಕೆಳಗಾಗಿ ಡೈವ್ ಹೊಡೆಯೋದು ಬೇಡ, ಮರದಿಂದ ಹಾರೋದಂತೂ ಬೇಡವೇ ಬೇಡ, ಸೈಪ್ರೆಸ್ ಮರದ ಬೇರು ಗೂಟದ ತರ ನೀರೊಳಗೆ ನಿಂತಿರುತ್ತೆ.

ಇಳಿಯುವಾಗ ಪಾದ, ಮಂಡಿ, ಸೊಂಟ, ಆಮೇಲೆ ಮುಖಕ್ಕೆ ಕತ್ತಿಗೆ ನೀರು ಹಾಕ್ಕೊಂಡು ಒಂದು ನಿಮಿಷ ನಿಂತು ಉಸಿರು ಮಾಮೂಲಿಗೆ ಬಂದ್ಮೇಲೆ ಈಜೋಕೆ ಶುರು ಮಾಡಿ. ಬಿಪಿ, ಹಾರ್ಟ್ ತೊಂದ್ರೆ ಇರೋ ಹಿರಿಯರು ಮಂಡಿಮಟ್ಟಕ್ಕೇ ನಿಲ್ಲಿಸಿದ್ರೆ ಒಳ್ಳೇದು.

ಮಕ್ಕಳನ್ನ ನೋಡೋಕೆ ಸರದಿ ಹಾಕಿ. ಒಬ್ಬರು, ಹದಿನೈದು ನಿಮಿಷ, ಕೈಲಿ ಫೋನ್ ಇಲ್ಲ. "ನಾವೆಲ್ಲ ಇದ್ದೀವಲ್ಲ" ಅಂದ್ರೆ ಯಾರೂ ಇಲ್ಲ ಅಂತ.

ತಳದಲ್ಲಿ ಹಸಿರು ರಿಬ್ಬನ್ ತರ ಬೆಳೆದಿರೋ ಹುಲ್ಲಿನ ಮೇಲೆ ನಿಲ್ಲಬೇಡಿ, ತುಳಿದ್ರೆ ಬೇರು ಸಮೇತ ಕಿತ್ತು ಬರುತ್ತೆ, ಮೀನು ಬಸವನಹುಳು ಎಲ್ಲಾ ಬದುಕೋದು ಅದರ ಮೇಲೆ. ತೇಲಿ, ಇಲ್ಲಾ ಬರೀ ಮರಳಿರೋ ಕಡೆ ನಿಂತ್ಕೊಳ್ಳಿ.

8. ತಕ್ಷಣ ಎದ್ದು ಬರಬೇಕಾದ ಸೂಚನೆಗಳು

ಮುಳುಗ್ತಿರೋರು ಸಿನಿಮಾದಲ್ಲಿ ತೋರಿಸೋ ತರ ಕೂಗಲ್ಲ, ಕೈ ಬೀಸಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗಿ ಮಾಡ್ತಿರುತ್ತೆ, ತಲೆ ಹಿಂದಕ್ಕೆ ವಾಲಿರುತ್ತೆ, ಕೂದಲು ಕಣ್ಣಿನ ಮೇಲಿದ್ರೂ ಸರಿಸಲ್ಲ, ಮೈ ನೆಟ್ಟಗೆ ನಿಂತಿರುತ್ತೆ, ಮುಂದಕ್ಕೆ ಹೋಗ್ತಿರಲ್ಲ. ಗಲಾಟೆ ಮಾಡ್ತಿದ್ದ ಮಗು ಇದ್ದಕ್ಕಿದ್ದಂಗೆ ಸುಮ್ಮನಾದ್ರೆ ಮೊದಲು ಅಲ್ಲಿಗೆ ಹೋಗಿ. ಈಜು ಬರದವರು ಕಾಪಾಡೋಕೆ ಹಾರಬೇಡಿ, ಟ್ಯೂಬು, ಕೂಲರ್ ಬಾಕ್ಸು, ಟವೆಲ್ಲು ಏನು ಸಿಗುತ್ತೋ ಅದನ್ನ ಎಸೀರಿ, 911ಕ್ಕೆ ಫೋನ್ ಮಾಡಿ.

ಮಕ್ಕಳ ತುಟಿ ನೀಲಿ ಆಯ್ತು, ಹಲ್ಲು ಕಟಕಟ ಅಂತಿದೆ ಅಂದ್ರೆ ಹೊರಗೆ. ಅವರು "ಇನ್ನೂ ಐದು ನಿಮಿಷ" ಅಂತಾರೆ, ಕೇಳಬೇಡಿ, ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಒಣ ಟವೆಲ್ ಸುತ್ತಿ ಬಿಸಿಲಲ್ಲಿ ಕೂರಿಸಿ. ನಡುಗೋದು ನಿಂತು ಮಂಕಾದ್ರೆ ಅದು ಇನ್ನೂ ಕೆಟ್ಟ ಸೂಚನೆ.

ಗುಡುಗು ಕೇಳಿಸ್ತು ಅಂದ್ರೆ ಮಿಂಚು ಕಾಣದಿದ್ರೂ ಎದ್ದುಬಿಡಿ, ಮರದ ಕೆಳಗೆ ಅಲ್ಲ, ಕಾರೊಳಗೆ. ಕೊನೇ ಗುಡುಗಾಗಿ ಮೂವತ್ತು ನಿಮಿಷ ಆದ್ಮೇಲೆ ಮತ್ತೆ ನೀರು.

ಮೊಸಳೆ ಬಗ್ಗೆ ಎಲ್ಲರೂ ಕೇಳ್ತಾರೆ. ಫ್ಲೋರಿಡಾದ ಸಿಹಿ ನೀರಲ್ಲಿ ಅಲಿಗೇಟರ್ ಎಲ್ಲಿ ಬೇಕಾದ್ರೂ ಇರಬಹುದು, ವಕುಲ್ಲಾದಲ್ಲಿ ಈಜೋ ಜಾಗದಿಂದ ಅಷ್ಟು ದೂರದಲ್ಲಿ ಬಿಸಿಲು ಕಾಯ್ತಾ ಮಲಗಿರೋದು ಕಾಣುತ್ತೆ. ಹಗಲಲ್ಲಿ, ಗುರುತು ಹಾಕಿರೋ ಜಾಗದೊಳಗೆ ಮಾತ್ರ ಈಜಿ, ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಅವುಗಳ ಓಡಾಟ ಜಾಸ್ತಿ. ಆಹಾರ ಹಾಕೋದು ಕಾನೂನಿಗೆ ವಿರುದ್ಧ, ಮಿಕ್ಕಿದ ಚಪಾತಿ ಮೀನಿಗೆ ಹಾಕ್ತೀನಿ ಅಂತ ಅಜ್ಜಿ ಹೊರಟ್ರೆ ಅದನ್ನೂ ತಡೀರಿ.

ಇನ್ನೊಂದು, ನೀರು ಬರೋ ಗುಹೆ. ಕತ್ತಲೆ ಬಾಯಿ ನೋಡಿ ಮಾಸ್ಕ್ ಹಾಕ್ಕೊಂಡು ಸ್ವಲ್ಪ ಒಳಗೆ ಇಣುಕೋ ಆಸೆ ಹುಡುಗ್ರಿಗೆ ಬಂದೇ ಬರುತ್ತೆ. ಇಲ್ಲಿನ ಗುಹೆಗಳ ಬಾಯಲ್ಲಿ ಸಾವಿನ ಚಿತ್ರ ಇರೋ, ಇಲ್ಲಿಂದ ಮುಂದೆ ಹೋಗ್ಬೇಡಿ ಅನ್ನೋ ಬೋರ್ಡು ನೆಟ್ಟಿರ್ತಾರೆ, ಅದು ಸ್ಕೂಬಾ ಸಿಲಿಂಡರ್ ಇರೋರಿಗೂ ಅನ್ವಯ, ಕೇವ್ ಡೈವಿಂಗ್ ಟ್ರೈನಿಂಗ್ ಇಲ್ಲದೇ ಒಳಗೆ ಹೋಗಿ ಸತ್ತ ಒಳ್ಳೊಳ್ಳೆ ಡೈವರ್‌ಗಳಿದ್ದಾರೆ. ಉಸಿರು ಹಿಡಿದು ಯಾರು ಜಾಸ್ತಿ ಹೊತ್ತು ಕೆಳಗಿರ್ತಾರೆ ಅನ್ನೋ ಪಂದ್ಯವೂ ಬೇಡ, ಮುಳುಗೋ ಮುಂಚೆ ಜೋರು ಜೋರು ಉಸಿರು ತಗೊಂಡು ಹೋದ್ರೆ ಉಸಿರು ಬೇಕು ಅನ್ನೋ ಸೂಚನೆ ಬರೋ ಮುಂಚೆನೇ ಪ್ರಜ್ಞೆ ತಪ್ಪುತ್ತೆ.

9. ಟ್ಯೂಬಿಂಗ್ ಮಾಡೋದಾದ್ರೆ

ಇಚೆಟಕ್ನಿ ಸುಮಾರು 6 ಮೈಲಿ ನದಿ. ಇಲ್ಲಿನ ನಿಯಮ ಕಟ್ಟುನಿಟ್ಟು, ನದಿ ಮೇಲೆ ತಿಂಡಿ, ಕೂಲ್‌ಡ್ರಿಂಕ್ಸು, ಸಿಗರೇಟು, ಬಿಸಾಡೋ ಯಾವ ಡಬ್ಬಿ ಕವರೂ ತಗೊಂಡು ಹೋಗೋ ಹಾಗಿಲ್ಲ. ಊಟ ಪಿಕ್ನಿಕ್ ಟೇಬಲ್ ಹತ್ರ ಮುಗಿಸಿ, ಮರುಬಳಕೆ ಬಾಟಲಿಲಿ ನೀರು ಮಾತ್ರ. ಮೇಲಿನ ಉತ್ತರದ ಕಡೆಯಿಂದ ಟ್ಯೂಬಲ್ಲಿ ತೇಲೋದು ಮುಂಚೆ ಬೇಸಿಗೆ ಸೀಸನಲ್ಲಿ ಮಾತ್ರ ಇತ್ತು, ಅದಕ್ಕೂ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇತ್ತು, ಈಗ ಬಿಡ್ತಾರಾ ಅಂತ ವೆಬ್‌ಸೈಟಲ್ಲಿ ನೋಡ್ಕೊಳ್ಳಿ. ಮೊದಲ ಸಲ ಹೋಗೋರು, ಮಕ್ಕಳಿರೋರು ದಕ್ಷಿಣದ ಗೇಟಿಂದ ಡ್ಯಾಂಪಿಯರ್ಸ್ ಲ್ಯಾಂಡಿಂಗಲ್ಲಿ ಟ್ಯೂಬ್ ಹತ್ತೋ ಚಿಕ್ಕ ದಾರಿ ತಗೊಳ್ಳಿ, ಉದ್ದದ ದಾರಿಲಿ ತಣ್ಣೀರಲ್ಲಿ ಕುಂಡೆ ಇಟ್ಟು ಗಂಟೆಗಟ್ಟಲೆ ಕೂತ್ರೆ ದೊಡ್ಡವರಿಗೇ ನಡುಕ ಬರುತ್ತೆ.

ಹತ್ತೋ ಮುಂಚೆ ಇಳಿಯೋ ಜಾಗದ ಹೆಸರು, ಬೋರ್ಡಿನ ಗುರುತು ಎಲ್ಲರ ಬಾಯಲ್ಲೂ ಹೇಳಿಸಿ. ಕೊನೆಯ ಇಳಿಯೋ ಕಟ್ಟೆ ತಪ್ಪಿಸ್ಕೊಂಡ್ರೆ ಸೆಳೆತಕ್ಕೆ ಎದುರು ವಾಪಸ್ ಬರೋದು ಕಷ್ಟ, ಆದ್ದರಿಂದ ಬೋರ್ಡು ಕಂಡ ತಕ್ಷಣ ಆ ದಡದ ಕಡೆ ಕೈಯಿಂದ ನೀರು ತಳ್ತಾ ಸರ್ಕೊಳ್ಳಿ, ಎದುರಿಗೆ ಬಂದ್ಮೇಲೆ ಅಲ್ಲ. ಟ್ಯೂಬುಗಳನ್ನ ಹಗ್ಗದಲ್ಲಿ ಒಂದಕ್ಕೊಂದು ಕಟ್ಟೋ ಹವ್ಯಾಸ ಇದೆ, ಮೂರಕ್ಕಿಂತ ಜಾಸ್ತಿ ಕಟ್ಟಿದ್ರೆ ಬಿದ್ದ ಮರಕ್ಕೆ ಸಿಕ್ಕಾಕ್ಕೊಂಡು ಯಾರೋ ಒಬ್ಬರು ಕೆಳಗೆ ಹೋಗ್ತಾರೆ, ಕಟ್ಟೋ ಬದಲು ಕೈ ಹಿಡ್ಕೊಳ್ಳಿ, ಬೇಕಾದಾಗ ಬಿಡಬಹುದು. ಡಾಲರ್ ಅಂಗಡಿಯ ತೆಳು ಟ್ಯೂಬು ಮೊದಲ ಕೊಂಬೆಗೇ ಒಡೆಯುತ್ತೆ, ಪಾರ್ಕಿನ ಹತ್ರ ಬಾಡಿಗೆಗೆ ಸಿಗೋ ದಪ್ಪದ್ದು ತಗೊಳ್ಳಿ.

10. ಎದ್ದು ಬಂದ ಮೇಲೆ

ಒದ್ದೆ ಬಟ್ಟೆ ಬದಲಾಯಿಸಿ, ಕಿವಿ ಒರೆಸಿ, ತಲೆ ಓರೆ ಮಾಡಿ ನೀರು ಇಳಿಸಿ. ಕಾರಿನ ಪಕ್ಕದ ಹುಲ್ಲಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ, ಫೈರ್ ಆಂಟ್ ಅನ್ನೋ ಕೆಂಪಿರುವೆ ಗೂಡು ಮಣ್ಣಿನ ಚಿಕ್ಕ ಗುಡ್ಡೆ ತರ ಇರುತ್ತೆ, ಒಂದ್ಸಲ ಕಚ್ಚಿಸಿಕೊಂಡವರು ಮರೆಯಲ್ಲ. ಕಾಡಲ್ಲಿ ನಡೆದಿದ್ರೆ ಮಂಡಿ ಹಿಂದೆ, ತೊಡೆ ಸಂದಿ, ಮಕ್ಕಳ ಕಿವಿ ಹಿಂದೆ ಉಣ್ಣೆ ಹುಳು (ಟಿಕ್) ಕಚ್ಕೊಂಡಿದೆಯಾ ನೋಡಿ.

ಮೆದುಳಿಗೆ ಹೋಗೋ ಅಮೀಬಾ ಬಗ್ಗೆ ಕೇರಳದ ಸುದ್ದಿ ಓದಿ ಹೆದರಿದವರಿದ್ದಾರೆ. ಅದು ಬೆಳೆಯೋದು ಬೆಚ್ಚಗಿನ ಸಿಹಿ ನೀರಲ್ಲಿ, ಒಳಗೆ ಹೋಗೋದು ಮೂಗಿನ ಮೂಲಕ, ಕುಡಿದ್ರೆ ಬರಲ್ಲ. ಉಕ್ಕಿ ಹರಿಯೋ 22 ಡಿಗ್ರಿ ಸ್ಪ್ರಿಂಗಿಗಿಂತ ಬೇಸಿಗೆಲಿ ಕಾದು ನಿಂತ ಕೆರೆ, ಹೊಂಡಗಳಲ್ಲಿ ಅದರ ಭಯ ಜಾಸ್ತಿ, ಕಾಯಿಲೆಯೂ ತೀರಾ ಅಪರೂಪ. ಆದ್ರೂ ಮೂಗಿಗೆ ಹಾಕೋ ಕ್ಲಿಪ್ಪು ಎರಡು ಡಾಲರಿಗೆ ಸಿಗುತ್ತೆ, ತಳದ ಕೆಸರು ಕೆದಕಿ ಆಡೋದು ಬಿಡಿ. ಈಜಿ ಬಂದು ಹನ್ನೆರಡು ದಿನದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಗ್ಗಿಸೋಕೆ ಆಗದೇ ಇರೋದು ಶುರುವಾದ್ರೆ ಡೋಲೋ ನುಂಗಿ ಮಲಗಬೇಡಿ, ಎಮರ್ಜೆನ್ಸಿಗೆ ಹೋಗಿ, ಯಾವ ದಿನ ಯಾವ ನೀರಲ್ಲಿ ಈಜಿದ್ವಿ ಅಂತ ಡಾಕ್ಟರ್ ಕೇಳೋ ಮುಂಚೆ ನೀವೇ ಹೇಳಿ.